ಒಂದೇ ಸೇವಿನ ಆಟ: ‘ಬಾಲ್ಡರ್ಸ್ ಗೇಟ್ ೩’ರ ಆನರ್ ಮೋಡ್

ಕಾವ್ಯವನ್ನೋದುವವನು ಪುಟವನ್ನು ಹಿಂದಕ್ಕೆ ತಿರುವಬಹುದು. ಆದರೆ ತಿರುವಿದ ಮಾತ್ರಕ್ಕೆ ಕಥೆಯು ಬೇರೆಯಾಗುವುದಿಲ್ಲ. ವಿಡಿಯೋ ಗೇಮ್ ಎಂಬ ನೂತನ ಕಲಾಪ್ರಕಾರದಲ್ಲಿ ಹಾಗಲ್ಲ. ಅಲ್ಲಿ ಆಟಗಾರನು ತಾನಿರುವ ಸ್ಥಿತಿಯನ್ನು ‘ಸೇವ್’ ಮಾಡಿಟ್ಟು, ಮುಂದೆ ಕೇಡಾದರೆ ಆ ಸ್ಥಿತಿಗೇ ಮರಳಿ, ಬೇರೊಂದು ಮಾತನ್ನಾಡಿ ಬೇರೊಂದು ಫಲವನ್ನು ಪಡೆಯಬಲ್ಲನು. ಈ ಸೌಕರ್ಯವನ್ನು ಕಿತ್ತುಕೊಂಡರೆ ಕೃತಿಯ ಸ್ವರೂಪವು ಏನಾಗುತ್ತದೆಂಬುದನ್ನು ವಿಚಾರಿಸುವುದಕ್ಕೆ ಒಂದು ಒಳ್ಳೆಯ ನಿದರ್ಶನವು ನಮಗೆ ದೊರೆತಿದೆ.

ಬೆಲ್ಜಿಯಂ ದೇಶದ ಲೇರಿಯನ್ ಸ್ಟುಡಿಯೋಸ್ ಸಂಸ್ಥೆಯವರು ೨೦೨೩ನೆಯ ಆಗಸ್ಟ್ ತಿಂಗಳಲ್ಲಿ ‘ಬಾಲ್ಡರ್ಸ್ ಗೇಟ್ ೩’ ಎಂಬ ಪಾತ್ರಧಾರಣೆಯ ಆಟವನ್ನು ಪ್ರಕಟಿಸಿದರು. ೧೯೭೪ರಲ್ಲಿ ಅಮೆರಿಕದಲ್ಲಿ ಮೊದಲು ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟದ ಐದನೆಯ ಆವೃತ್ತಿಯ ನಿಯಮಗಳೇ ಇದಕ್ಕೆ ಆಧಾರ. ಕತ್ತಿಯ ಪೆಟ್ಟು ತಾಗುವುದೂ, ಕಾವಲುಗಾರನು ಸುಳ್ಳನ್ನು ನಂಬುವುದೂ ಇಪ್ಪತ್ತು ಮುಖದ ದಾಳವನ್ನವಲಂಬಿಸಿವೆ. ಅದೇ ವರ್ಷದ ನವೆಂಬರಿನಲ್ಲಿ ಸಂಸ್ಥೆಯವರು ‘ಆನರ್ ಮೋಡ್’ ಎಂಬ ಕಠಿನತಮ ಕ್ರಮವನ್ನು ಸೇರಿಸಿದರು. ಇದರಲ್ಲಿ ಸೇವ್ ಒಂದೇ. ಅದು ತನ್ನ ಮೇಲೆ ತಾನೇ ಬರೆದುಕೊಳ್ಳುತ್ತ ಹೋಗುತ್ತದೆ. ಪ್ರಧಾನ ವೈರಿಗಳು ತಮ್ಮ ಸರದಿಯಲ್ಲದ ವೇಳೆಯಲ್ಲಿಯೂ ಹೊಡೆಯಬಲ್ಲರು. ಒಬ್ಬಿಬ್ಬರು ಸತ್ತರೆ ಚಿಂತೆಯಿಲ್ಲ. ಬಿಡಾರದಲ್ಲಿರುವ ವಿದರ್ಸ್ ಎಂಬ ಅಸ್ಥಿಪಂಜರಪ್ರಾಯನು ೨೦೦ ನಾಣ್ಯಗಳಿಗೆ ಅವರನ್ನು ಬದುಕಿಸಿಕೊಡುತ್ತಾನೆ. ತಂಡವೆಲ್ಲ ನೆಲಕ್ಕುರುಳಿದರೆ ಮಾತ್ರ ಆಟವು ಮುಗಿಯಿತು. ಸೇವನ್ನು ಅಳಿಸಬೇಕು, ಇಲ್ಲವೆ ಆನರ್ ಎಂಬ ಬಿರುದನ್ನು ಬಿಟ್ಟುಕೊಟ್ಟು ಮುಂದುವರಿಯಬೇಕು. ಕೊನೆಯವರೆಗೆ ನಡೆದವನಿಗೆ ಚಿನ್ನದ ಬಣ್ಣದ ದಾಳವೊಂದು ಬಹುಮಾನ.

ಸಾಧಾರಣ ಕ್ರಮದಲ್ಲಿ ದಾಳಕ್ಕೆ ಏನು ಬೆಲೆ? ಬೇಕಾದ ಸಂಖ್ಯೆ ಬೀಳುವವರೆಗೆ ಹತ್ತು ಸಲ ಹಿಂದಿರುಗಬಹುದಾದರೆ ಅದು ದಾಳವಲ್ಲ, ತಾಳ್ಮೆಯ ಪರೀಕ್ಷೆ. ಸಭಾಪರ್ವದಲ್ಲಿ ಧೃತರಾಷ್ಟ್ರನು ಮೊದಲ ದ್ಯೂತದಲ್ಲಿ ಪಾಂಡವರು ಸೋತುದನ್ನೆಲ್ಲ ಹಿಂದಕ್ಕೆ ಕೊಟ್ಟನಷ್ಟೆ. ಆದರೆ ಸಭೆಯಲ್ಲಿ ನಡೆದುದನ್ನು ಅಳಿಸುವ ಶಕ್ತಿ ಅವನಿಗಿರಲಿಲ್ಲ. ಇಲ್ಲಿಯಾದರೋ ರಾಜ್ಯವೂ ಮರಳುತ್ತದೆ, ಸಭೆಯೂ ಮರೆತುಹೋಗುತ್ತದೆ. ಆನರ್ ಮೋಡ್ ಈ ಮರೆವನ್ನು ನಿಷೇಧಿಸುತ್ತದೆ. ಅದರ ನಿಜವಾದ ಗುಣವು ಕಾಳಗದ ಕಾಠಿನ್ಯದಲ್ಲಿಲ್ಲ, ಈ ನಿಷೇಧದಲ್ಲಿದೆ ಎಂದು ನನ್ನ ಅಭಿಪ್ರಾಯ.

ಎರಡನೆಯ ಅಂಕದ ‘ಲಾಸ್ಟ್ ಲೈಟ್’ ಎಂಬ ವಸತಿಗೃಹವನ್ನು ನೋಡಿರಿ. ಸುತ್ತಲೂ ಪ್ರಾಣವನ್ನು ಹೀರುವ ಶಾಪಗ್ರಸ್ತವಾದ ಕತ್ತಲು. ಇಸೊಬೆಲ್ ಎಂಬ ಪೂಜಾರಿಣಿಯ ಮಂತ್ರಬಲದಿಂದ ಆ ಒಂದು ಮನೆಯಲ್ಲಿ ಮಾತ್ರ ಬೆಳಕಿದೆ. ಮೊದಲನೆಯ ಅಂಕದಲ್ಲಿ ನಾವು ಕಾಪಾಡಿದ ನಿರಾಶ್ರಿತರಲ್ಲಿ ಉಳಿದವರು ಅಲ್ಲಿ ತಂಗಿದ್ದಾರೆ. ರೆಕ್ಕೆಯುಳ್ಳ ವೈರಿಗಳು ಅವಳನ್ನು ಹಿಡಿದೊಯ್ಯಲು ಬರುತ್ತಾರೆ. ಆ ಕಾಳಗದಲ್ಲಿ ಅವಳು ಕೆಳಗೆ ಬಿದ್ದರೆ ಬೆಳಕು ಆರಿಹೋಗುತ್ತದೆ. ಈಗತಾನೆ ನಮ್ಮೊಡನೆ ಮಾತನಾಡಿದವರು ನೆರಳಿಗೆ ಬಲಿಯಾಗಿ ನಮ್ಮ ಮೇಲೆಯೇ ಬೀಳುತ್ತಾರೆ. ಸೇವುಗಳ ರಾಶಿಯುಳ್ಳವನು ಈ ದುರಂತವನ್ನು ಅರ್ಧ ನಿಮಿಷವೂ ಸಹಿಸನು; ಹಿಂದಿರುಗುವನು. ಲೇಖಕರು ಶ್ರಮವಹಿಸಿ ರಚಿಸಿದ ಸೋಲಿನ ಶಾಖೆಗಳು ಹೀಗೆ ಓದುಗರಿಲ್ಲದ ಅಧ್ಯಾಯಗಳಾಗಿವೆ. ಒಂದೇ ಸೇವಿನವನು ಮಾತ್ರ ಆ ಕತ್ತಲು ಮನೆಯನ್ನು ದಾಟಿ ಮುಂದೆ ಹೋಗಬೇಕು.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪವನ್ನು ಹೇಳದೆ ವಿಧಿಯಿಲ್ಲ. ಮರಣವು ಮರಳಿಬಾರದ್ದೆಂಬ ನಿಯಮವು ಹೊಸದಲ್ಲ. ೧೯೮೦ರಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬವರು ರಚಿಸಿದ ‘ರೋಗ್’ ಎಂಬ ಆಟದಲ್ಲಿಯೂ ಅದುಂಟು. ಆದರೆ ‘ರೋಗ್’ನ ನೆಲಮಾಳಿಗೆಯು ಪ್ರತಿಸಲವೂ ಹೊಸದಾಗಿ ಹೆಣೆಯಲ್ಪಡುತ್ತದೆ, ಸತ್ತವನು ಅನುಭವವನ್ನು ತರಬಲ್ಲನೇ ಹೊರತು ನಕ್ಷೆಯನ್ನು ತರಲಾರನು. ‘ಬಾಲ್ಡರ್ಸ್ ಗೇಟ್ ೩’ ಹಾಗಲ್ಲ, ಅದು ಬರೆದಿಟ್ಟ ಗ್ರಂಥ. ಯಾವ ಗವಿಯಲ್ಲಿ ಯಾರಿದ್ದಾರೆ, ಯಾವ ಬಾಗಿಲ ಹಿಂದೆ ಬಲೆಯಿದೆ ಎಂಬುದು ಎಂದಿಗೂ ಬದಲಾಗದು. ಆದ್ದರಿಂದ ಕಂಪ್ಯೂಟರಿನಲ್ಲಿ ಸೇವ್ ಒಂದೇ ಇದ್ದರೂ ಆಟಗಾರನ ನೆನಪೆಂಬ ಎರಡನೆಯ ಸೇವನ್ನು ಯಾರೂ ಅಳಿಸಲಾರರು.

ಗಿತ್‌ಯಾಂಕಿ ಜನರ ರಾಣಿಯಾದ ವ್ಲಾಕಿತ್ ತನ್ನ ಛಾಯಾರೂಪದಿಂದ ದರ್ಶನ ಕೊಡುವ ಸನ್ನಿವೇಶವೊಂದಿದೆ. ಅವಳನ್ನು ಮೇಲಿಂದ ಮೇಲೆ ಧಿಕ್ಕರಿಸಿದರೆ ಒಂದೇ ಮಾತಿನಿಂದ ತಂಡವನ್ನೆಲ್ಲ ಕೊಂದುಬಿಡುತ್ತಾಳೆ, ದಾಳವಿಲ್ಲ, ಕಾಳಗವಿಲ್ಲ. ಪಾತ್ರವು ಅಭಿಮಾನಿಯಾದರೆ ಧಿಕ್ಕರಿಸುವುದೇ ಅದಕ್ಕೆ ಸಹಜ. ಆದರೂ ಆನರ್ ಮೋಡಿನಲ್ಲಿ ಬಲ್ಲವನಾರೂ ಆ ಮಾತನ್ನು ಆರಿಸನು. ಪಾತ್ರದ ಬಾಯಿಗೆ ಆಟಗಾರನ ಜ್ಞಾನವು ಬೀಗ ಹಾಕುತ್ತದೆ. ಪಾತ್ರಧಾರಣೆಯ ಆಟವೆಂಬ ಹೆಸರಿಗೆ ಇದಕ್ಕಿಂತ ಹೆಚ್ಚಿನ ಹಾನಿಯುಂಟೆ?

ಕಾಳಗದ ಕಾಠಿನ್ಯವು ಈ ದೋಷವನ್ನು ಇಮ್ಮಡಿಸುತ್ತದೆ. ಭೀತನಾದ ಆಟಗಾರನು ವೈರಿಯ ಕಾಲಡಿಯಲ್ಲಿ ಮದ್ದಿನ ಪೀಪಾಯಿಗಳನ್ನು ಮೊದಲೇ ಪೇರಿಸಿಡುತ್ತಾನೆ. ಸೋಲುವ ಸೂಚನೆ ಕಂಡೊಡನೆ ಒಬ್ಬನನ್ನು ಬಿಡಾರಕ್ಕೆ ಓಡಿಸಿ, ಉಳಿದವರನ್ನು ಹಣ ಕೊಟ್ಟು ಎಬ್ಬಿಸುತ್ತಾನೆ. ರಾಫೆಲ್ ಎಂಬ ಪಿಶಾಚನ ಮನೆಯು ಅನಿವಾರ್ಯವಲ್ಲವಾದ್ದರಿಂದ, ಕೃತಿಯ ಅತ್ಯುತ್ತಮ ಸನ್ನಿವೇಶಗಳಲ್ಲೊಂದಾದರೂ, ಅತ್ತ ತಲೆಹಾಕದಿರುವುದನ್ನೇ ಜಾಣತನವೆಂದೆಣಿಸುತ್ತಾನೆ. ಮರಳಲಾಗದಿರುವಿಕೆಯೂ ಕಾಠಿನ್ಯವೂ ಬೇರೆಬೇರೆ ವಿಷಯಗಳು. ಮೊದಲನೆಯದು ಕಥೆಗೆ ಸೇರಿದುದು, ಎರಡನೆಯದು ವ್ಯಾಯಾಮಕ್ಕೆ. ಈ ಕ್ರಮವು ಅವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದೆ. ಎಳೆಯುವುದು ಹೆಚ್ಚಾಗಿ ಎರಡನೆಯದೇ.

ಆದುದರಿಂದ, ಕೃತಿಯನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರು ಸಾಧಾರಣ ಕಾಠಿನ್ಯದಲ್ಲಿಯೇ ಆಡಿ, ಹಿಂದಿರುಗುವುದಿಲ್ಲವೆಂಬ ವ್ರತವನ್ನು ತಾವೇ ಕೈಕೊಳ್ಳುವುದು ಲೇಸು. ನಾನು ಮಾಡಿದುದೂ ಹಾಗೆಯೇ, ಮತ್ತು ವಸತಿಗೃಹವನ್ನು ಕಳೆದುಕೊಂಡೆನು. ಆಮೇಲೆ ಆನರ್ ಮೋಡಿನಲ್ಲಿ, ಬರುವುದೇನೆಂದು ತಿಳಿದವನಾಗಿ, ಕಾಳಗಕ್ಕೆ ಮೊದಲೇ ಇಸೊಬೆಲಳ ಸುತ್ತ ನನ್ನವರನ್ನು ನಿಲ್ಲಿಸಿ ಅವಳನ್ನು ಉಳಿಸಿದೆನು. ದೀಪ ಆರಲಿಲ್ಲ. ಅಲ್ಲಿದ್ದವರೊಡನೆ ಎರಡನೆಯ ಸಲ ಮಾತನಾಡಬೇಕೆಂದು ನನಗೆ ತೋರಲೂ ಇಲ್ಲ.