ನಕಲು ಎಂಬ ಮಾತು ಶಿವಾರಪಟ್ಟಣಕ್ಕೆ ಸಲ್ಲದು

ಕೋಲಾರದ ಕಡೆ ಒಂದು ದಿನ ಬಿಡುವು ಮಾಡಿಕೊಂಡು ಸುತ್ತಿ ಬಂದವರ ಮಾತು ಬಹುಪಾಲು ಒಂದೇ ತೆರನಾಗಿರುತ್ತದೆ. ಆವನಿಯ ಗುಡಿಗಳಲ್ಲಿ ಮೈಮರೆತೆವು, ಕುರುಡುಮಲೆಯ ಗಣಪನ ಮುಂದೆ ಬೆರಗಾದೆವು, ಬರುವಾಗ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಒಂದು ವಿಗ್ರಹ ಕೊಂಡೆವು. ಮೊದಲ ಎರಡು ಕಡೆ ಕಂಡದ್ದು ಕಲೆ, ಮೂರನೆಯ ಕಡೆ ಕಂಡದ್ದು ಬರೀ ಕಸುಬು. ಆಗಿನವರು ಸೃಷ್ಟಿಸಿದರು, ಈಗಿನವರು ನಕಲು ತೆಗೆಯುತ್ತಾರೆ. ಓದಿದವರ ಮನಸ್ಸಿನಲ್ಲೂ ಈ ತೀರ್ಮಾನ ಬೇರುಬಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ.

ಆವನಿಯನ್ನೇ ನೋಡೋಣ. ಬೆಟ್ಟದ ತಪ್ಪಲಿನ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ನೊಳಂಬರ ಕಾಲದವು. ಲಕ್ಷ್ಮಣೇಶ್ವರದ ನಡುಚಾವಣಿಯಲ್ಲಿ ಉಮಾಮಹೇಶ್ವರರ ಸುತ್ತ ದಿಕ್ಪಾಲಕರು ನಿಂತಿದ್ದಾರೆ. ಕತ್ತೆತ್ತಿ ನೋಡುತ್ತ ಎಷ್ಟು ಹೊತ್ತು ನಿಂತರೂ ಸಾಲದು. ಆದರೆ ಅಲ್ಲಿನ 10ನೇ ಶತಮಾನದ ಶಾಸನವೊಂದು ಹೇಳುವ ಸಂಗತಿಯನ್ನು ನಾವು ಮನಸ್ಸಿಗೆ ತಂದುಕೊಳ್ಳುವುದಿಲ್ಲ. ತ್ರಿಭುವನಕರ್ತ ಎಂಬ ಶೈವ ಯತಿ ಆ ಸ್ಥಾನವನ್ನು ನಲವತ್ತು ವರ್ಷ ನಡೆಸಿ ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ನಲವತ್ತು ವರ್ಷಕ್ಕೆ ಐವತ್ತು ಗುಡಿ ಏಳಬೇಕಾದರೆ ಅಲ್ಲಿ ಎಷ್ಟು ಉಳಿಗಳು ಒಟ್ಟಿಗೆ ಸದ್ದು ಮಾಡಿರಬೇಕು! ಹೇಳಿ ಮಾಡಿಸಿದ ಕೆಲಸ, ಗೊತ್ತಾದ ಅಳತೆ, ಮತ್ತೆ ಮತ್ತೆ ಅದೇ ದ್ವಾರಪಾಲಕ, ಅದೇ ನಂದಿ. ಶಿವಾರಪಟ್ಟಣದ ಬೀದಿಯಲ್ಲಿ ಇಂದು ನಡೆಯುವುದೂ ಇದೇ.

ನಮ್ಮ ಶಿಲ್ಪಶಾಸ್ತ್ರದಲ್ಲಿ ಮತ್ತೆ ಮಾಡುವುದು ದೋಷವಾಗಿರಲಿಲ್ಲ. ಹನ್ನೆರಡು ಅಂಗುಲಕ್ಕೆ ಒಂದು ತಾಳ. ನವತಾಳದ ಮೂರ್ತಿಗೆ 108 ಅಂಗುಲ, ಉತ್ತಮ ದಶತಾಳಕ್ಕೆ 124, ಗಣಪತಿಗೆ ಪಂಚತಾಳ. ಈ ಅಂಗುಲ ನಮ್ಮ ಟೇಪಿನ ಇಂಚಲ್ಲ. ಮೂರ್ತಿ ಚಿಕ್ಕದಾದರೆ ಅದೂ ಚಿಕ್ಕದಾಗುತ್ತದೆ. ಕೈಯಲ್ಲಿ ಏನಿರಬೇಕು, ಕಾಲು ಎಲ್ಲಿ ಮಡಿಯಬೇಕು ಎಂಬುದನ್ನು ಧ್ಯಾನಶ್ಲೋಕ ಹೇಳುತ್ತದೆ. ಶಿಲ್ಪಿಯ ಸ್ವಂತದ್ದು ಕಾಣುವುದು ಇದರ ಒಳಗೇ: ತುಟಿಯಂಚಿನಲ್ಲಿ, ಹೊಟ್ಟೆಯ ಉಬ್ಬಿನಲ್ಲಿ, ಕಣ್ಣು ಬಿಡಿಸುವ ಕೊನೆಯ ಗಳಿಗೆಯಲ್ಲಿ. ಕಲ್ಲನ್ನು ಬಡಿದು ನಾದ ಕೇಳಿ ಪುರುಷಶಿಲೆಯೋ ಸ್ತ್ರೀಶಿಲೆಯೋ ಎಂದು ಗುರುತಿಸುವುದೂ ಶಾಸ್ತ್ರದ ಭಾಗವೇ. ಸಂಗೀತಗಾರ ಇನ್ನೊಮ್ಮೆ ತೋಡಿ ಹಾಡಿದರೆ ನಾವು ನಕಲು ಎನ್ನುವುದಿಲ್ಲ. ಶಿಲ್ಪಿಗೆ ಮಾತ್ರ ಆ ಮರ್ಯಾದೆ ಏಕಿಲ್ಲ?

ಪ್ರಾಚೀನ ಅವಶೇಷವೆಂದರೆ ರೋಮ್ ಎನ್ನುವವರಿಗೂ ಒಂದು ಮಾತು. ಅಲ್ಲಿನ ಸಂಗ್ರಹಾಲಯಗಳಲ್ಲಿ ಜಗತ್ತೇ ನಿಂತು ನೋಡುವ ಅಮೃತಶಿಲೆಯ ಎಷ್ಟೋ ಪ್ರತಿಮೆಗಳು ಗ್ರೀಕರ ಕಂಚಿನ ಮೂರ್ತಿಗಳ ಪ್ರತಿಗಳು. ಮೈರನ್ ಎರಕ ಹೊಯ್ದ ಚಕ್ರ ಎಸೆಯುವ ಯುವಕನ ಕಂಚು ಕಳೆದುಹೋಗಿದೆ; ಉಳಿದಿರುವುದು ರೋಮನ್ ಕುಶಲಿಗಳು ಕಲ್ಲಿನಲ್ಲಿ ಕಡೆದದ್ದು. ಎರಡು ಸಾವಿರ ವರ್ಷದ ಹಿಂದಿನ ಪ್ರತಿಗೆ ಭಕ್ತಿ, ಇಂದಿನದಕ್ಕೆ ತಾತ್ಸಾರ. ಹಾಗಾದರೆ ನಾವು ಬೆಲೆ ಕೊಡುತ್ತಿರುವುದು ವಯಸ್ಸಿಗೆ, ಕೆಲಸಕ್ಕಲ್ಲ.

ಹಳಬರು ವಯಸ್ಸನ್ನು ಹೀಗೆ ಪೂಜಿಸಲಿಲ್ಲ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಇಟ್ಟಿಗೆಯ ಕಟ್ಟಡವನ್ನು ತೆಗೆದು ಕಲ್ಲಿನಲ್ಲಿ ಕಟ್ಟಿದ ಸಂಗತಿ ರಾಜೇಂದ್ರ ಚೋಳನ ಕಾಲದ ಶಾಸನದಲ್ಲಿದೆ. ಮೂರ್ತಿ ಭಿನ್ನವಾದರೆ ಅದನ್ನು ವಿಸರ್ಜಿಸಿ ಹೊಸದನ್ನು ಪ್ರತಿಷ್ಠಾಪಿಸುವುದು ನಮ್ಮ ರೂಢಿ. ಅದು ನಡೆಯಬೇಕಾದರೆ ಕೆತ್ತಬಲ್ಲವರು ಪ್ರತಿ ತಲೆಮಾರಿನಲ್ಲೂ ಇರಬೇಕು.

ಶಿವಾರಪಟ್ಟಣದಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ವಾದಿಸುತ್ತಿಲ್ಲ. ಯಂತ್ರದ ಗರಗಸ ಬಂದಮೇಲೆ ಕೆಲಸ ಬೇಗ ಮುಗಿಯುತ್ತದೆ. ಕೆಲವು ಮುಖಗಳಲ್ಲಿ ಆ ಅವಸರ ಕಾಣುತ್ತದೆ. ಕಲ್ಲಿನ ಧೂಳು ಕೆತ್ತುವವರ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದು ಜೀವ ತೆಗೆಯುವ ಧೂಳು. ಆದರೆ ಅವಸರ ಕೊಳ್ಳುವವರದು. ಇಂತಿಷ್ಟು ದಿನಕ್ಕೆ ಬೇಕು, ಒಡವೆ ಹೆಚ್ಚಿರಲಿ, ದರ ಇಳಿಸಿ ಎನ್ನುವವರು ನಾವು. ಕೃಷ್ಣಶಿಲೆಯ ಎದುರು ಕೂತವನಿಗೆ ನೊಳಂಬರ ಶಿಲ್ಪಿಗೆ ಸಿಕ್ಕಷ್ಟು ಸಮಯ ಕೊಟ್ಟು ಆಮೇಲೆ ತೂಗಿ ನೋಡಿದರೆ ಅದು ನ್ಯಾಯ.

ಮುಂದಿನ ಸಲ ಹೊರಟಾಗ ದಾರಿ ತಿರುಗಿಸಿಕೊಳ್ಳಿ. ಬೆಳಿಗ್ಗೆಯೇ ಶಿವಾರಪಟ್ಟಣಕ್ಕೆ ಹೋಗಿ, ಕೊಳ್ಳುವ ಮಾತೆತ್ತದೆ ಒಂದು ಗಂಟೆ ಉಳಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಪಂಚಲೋಹಕ್ಕೆ ಮೇಣದ ಮೂರ್ತಿ ತಿದ್ದುವ ಕೈಗಳನ್ನೂ ನೋಡಿ. ಆವನಿಗೆ ಮಧ್ಯಾಹ್ನದ ಮೇಲೆ ಹೋದರೆ ಸಾಕು.