ಬಿರುಗಾಳಿಯ ಪ್ರಸಂಗಗಳು: ಪ್ರಯಾಣಿಕನ ನೋಟ, ನಾವಿಕನ ನೋಟ

ಜಯನಗರ, ಬನಶಂಕರಿಗಳ ಸಭೆಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ; ಮಂಗಳೂರಿನ ಕಡಲತೀರ ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರ. ಆದರೂ ಇಲ್ಲಿನ ಪ್ರಸಂಗಪೀಠಗಳಲ್ಲಿ ಸಮುದ್ರದ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸಾಲ, ಕಾಯಿಲೆ, ಕೆಲಸ ಹೋಗುವ ಭಯ ಎಲ್ಲವೂ ‘ಬಾಳಿನ ಬಿರುಗಾಳಿ’. ಕ್ರಿಸ್ತನು ದೋಣಿಯಲ್ಲಿರುವುದರಿಂದ ಅದು ಮುಳುಗಲಾರದು ಎಂಬುದು ಪ್ರಸಂಗದ ನಿಶ್ಚಿತ ಮುಕ್ತಾಯ. ಈ ವ್ಯಾಖ್ಯಾನ ಅನೇಕರಿಗೆ ಸಾಂತ್ವನ ನೀಡಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದು ಮೂಲಪಾಠಕ್ಕೆ ನಿಷ್ಠವಾಗಿದೆಯೇ, ಕಡಲಿನಲ್ಲಿ ನಿಜವಾಗಿ ದುಡಿಯುವವರ ಮನೆಯಂಗಳದಲ್ಲಿ ನಿಲ್ಲಬಲ್ಲದೇ ಎಂಬ ಎರಡು ಪ್ರಶ್ನೆಗಳನ್ನು ಪ್ರಸಂಗಕಾರರು ಎದುರಿಸಲೇಬೇಕು.

ಕನ್ನಡದ ಶ್ರೋತೃವಿಗೆ ಕಡಲಿನ ರೂಪಕ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನೇ ವಚನಕಾರನಾಗಿದ್ದನು. ಪುರಂದರದಾಸರು ದೇವರನ್ನು ಅಂಬಿಗನೆಂದು ಕರೆದರು. ಭವಸಾಗರವನ್ನು ದಾಟಿಸುವವನು ದೇವರು, ದಾಟಿಸಿಕೊಳ್ಳುವವನು ಭಕ್ತ. ಈ ಸಂಸ್ಕಾರದಿಂದಲೇ ನಾವು ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನೂ ಓದುತ್ತೇವೆ. ಆದರೆ ಅಲ್ಲಿ ಯೇಸು ಅಂಬಿಗನಲ್ಲ. ಆತನು ದೋಣಿಯ ಹಿಂಭಾಗದಲ್ಲಿ ದಣಿದು ನಿದ್ರಿಸುತ್ತಿರುವ ಪ್ರಯಾಣಿಕನು. ದೋಣಿ ನಡೆಸುತ್ತಿರುವವರು ಗಲಿಲಾಯದ ಬೆಸ್ತರು. ಇನ್ನೊಂದು ವಿವರವಂತೂ ನಮ್ಮ ಪ್ರಸಂಗಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿದೆ: ಆತನ ಸಂಗಡ ಬೇರೆ ದೋಣಿಗಳೂ ಇದ್ದವೆಂದು ಮಾರ್ಕನು ಹೇಳುತ್ತಾನೆ. ಆ ಗಾಳಿ ಎಲ್ಲರ ಮೇಲೂ ಬೀಸಿತು; ಆ ಶಾಂತತೆ ಎಲ್ಲರಿಗೂ ದೊರೆಯಿತು. ಬಿರುಗಾಳಿಯನ್ನು ಒಬ್ಬೊಬ್ಬರ ಖಾಸಗಿ ಸಂಕಟವಾಗಿಸಿದಾಗ ಈ ಬೇರೆ ದೋಣಿಗಳೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯ ಈ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಹಡಗಿನ ಕೆಲಸವನ್ನು ಇಷ್ಟು ಗೌರವದಿಂದ ವಿವರಿಸುವ ಭಾಗ ಹೊಸ ಒಡಂಬಡಿಕೆಯಲ್ಲಿ ಮತ್ತೊಂದಿಲ್ಲ. ಹದಿನಾಲ್ಕನೆಯ ರಾತ್ರಿ, ದಡ ಸಮೀಪಿಸಿರಬಹುದೆಂದು ಊಹಿಸಿದವರು ನಾವಿಕರು. ಅಳತೆಯ ಗುಂಡನ್ನು ಇಳಿಸಿ ಮೊದಲು 20 ಮಾರು, ಆಮೇಲೆ 15 ಮಾರು ಆಳವನ್ನು ಕಂಡುಕೊಂಡವರು ಅವರು. ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಬಿಟ್ಟವರೂ ಅವರೇ. ಲೂಕನು ಅವರನ್ನು ಆದರ್ಶೀಕರಿಸುವುದಿಲ್ಲ. ಲಂಗರು ಹಾಕುವ ನೆಪದಲ್ಲಿ ಚಿಕ್ಕ ದೋಣಿಯನ್ನಿಳಿಸಿ ತಪ್ಪಿಸಿಕೊಳ್ಳಲು ಯತ್ನಿಸಿದರೆಂಬುದನ್ನೂ ದಾಖಲಿಸುತ್ತಾನೆ. ಆಗ ಪೌಲನು ಶತಾಧಿಪತಿಗೆ ಹೇಳಿದ ಮಾತಿನ ತಾತ್ಪರ್ಯ ಗಮನಾರ್ಹ: ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವೂ ಉಳಿಯಲಾರಿರಿ. ದೇವದೂತನ ವಾಗ್ದಾನ ಆಗಲೇ ದೊರೆತಿತ್ತು. ಆದಾಗ್ಯೂ ಆ ವಾಗ್ದಾನ ನೆರವೇರಲು ಅನ್ಯಧರ್ಮೀಯ ನಾವಿಕರ ಕೈಗಳು ಬೇಕಾಗಿದ್ದವು. ದೈವಕೃಪೆಗೂ ಕಸುಬಿನ ಜಾಣ್ಮೆಗೂ ವಿರೋಧವಿಲ್ಲವೆಂಬ ಈ ಪಾಠವನ್ನು ಪ್ರಯಾಣಿಕನ ನೋಟವೊಂದೇ ಕೊಡಲಾರದು.

ವಾಗ್ದಾನದ ವ್ಯಾಪ್ತಿಯನ್ನೂ ನಿಖರವಾಗಿ ಗುರುತಿಸಬೇಕು. ಆ 276 ಮಂದಿಯೂ ಉಳಿದರು, ಹಡಗು ಉಳಿಯಲಿಲ್ಲ. ಗೋಧಿಯನ್ನು ಸಮುದ್ರಕ್ಕೆ ಚೆಲ್ಲಲಾಯಿತು. ಈಜು ಬಾರದವರು ಹಲಗೆಗಳನ್ನೂ ಒಡೆದ ಹಡಗಿನ ತುಂಡುಗಳನ್ನೂ ಹಿಡಿದು ಮೆಲೀತೆಯ ದಡ ಸೇರಿದರು. ಅಷ್ಟೇ ಅಲ್ಲ, ಅದು ಆ ಯಾನಕ್ಕೆ ಸೀಮಿತವಾದ ವಾಗ್ದಾನ. ಮೂರು ಸಾರಿ ಹಡಗು ಒಡೆದು ನಷ್ಟಪಟ್ಟೆನೆಂದು ಕೊರಿಂಥದವರಿಗೆ ಬರೆದ ಪೌಲನು, ವಿಶ್ವಾಸಿಯ ದೋಣಿ ಎಂದೂ ಮುಳುಗದೆಂಬ ಸಾರ್ವತ್ರಿಕ ನಿಯಮವನ್ನು ಎಲ್ಲಿಯೂ ವಿಧಿಸಲಿಲ್ಲ. ಆ ನಿಯಮ ನಮ್ಮದು, ಅವನದಲ್ಲ.

ಅದರ ಪರೀಕ್ಷೆಗೆ ದೂರ ಹೋಗಬೇಕಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ಬೋಟು 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಮೀನುಗಾರರಿದ್ದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಕಡಲಿನಾಚೆ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಪತ್ತೆಮಾಡಿತು. ಏಳು ಮಂದಿಯೂ ಮರಳಲಿಲ್ಲ. ದೋಣಿ ಮುಳುಗದೆಂಬ ಪ್ರಸಂಗವನ್ನು ಆ ಏಳು ಮನೆಗಳ ಹೊಸ್ತಿಲಲ್ಲಿ ನಿಂತು ಹೇಳಲು ನಮ್ಮಿಂದಾದೀತೇ? ಅಲ್ಲಿ ಹೇಳಲಾಗದ್ದನ್ನು ಜಯನಗರದಲ್ಲಿ ಹೇಳುವ ಹಕ್ಕು ನಮಗೆಲ್ಲಿಂದ ಬಂತು? ನಮ್ಮ ಮುಂದೆ ಕುಳಿತವರಲ್ಲಿಯೂ ಗುಣವಾಗಲೆಂದು ಬೇಡಿಕೊಂಡು, ಕೊನೆಗೆ ಮಣ್ಣು ಮಾಡಿ ಬಂದವರಿದ್ದಾರೆ. ನಮ್ಮ ನಿಯಮ ಅವರಿಗೆ ಸಾಂತ್ವನವಲ್ಲ, ಆಪಾದನೆ.

ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ನಿರೀಕ್ಷೆಯನ್ನು ಲಂಗರಿಗೆ ಹೋಲಿಸುತ್ತದೆ. ಲಂಗರು ಗಾಳಿಯನ್ನು ನಿಲ್ಲಿಸುವುದಿಲ್ಲ. ಕಣ್ಣಿಗೆ ಕಾಣದ ನೆಲವನ್ನು ಕಚ್ಚಿ ಹಿಡಿಯುತ್ತದೆ. ಪತ್ರಿಕೆಯ ಪ್ರಕಾರ ಈ ಲಂಗರು ತಲುಪುವುದು ಕಡಲ ತಳವನ್ನಲ್ಲ, ಕ್ರಿಸ್ತನು ಮುಂದಾಗಿ ಪ್ರವೇಶಿಸಿದ ತೆರೆಯ ಒಳಭಾಗವನ್ನು. ಆ ಕ್ರಿಸ್ತನಾದರೋ ಮರಣದ ಆಳವನ್ನು ತಪ್ಪಿಸಿಕೊಂಡವನಲ್ಲ, ಅದರೊಳಗೆ ಇಳಿದವನು. ಮುಳುಗಿದವರ ಕುರಿತು ಸಭೆ ಏನಾದರೂ ಹೇಳಬಲ್ಲದಾದರೆ, ಅದು ಈ ಇಳಿದುಬಂದವನ ಆಧಾರದ ಮೇಲೆ ಮಾತ್ರ.

ಕ್ರೈಸ್ತ ಜೀವನಕ್ಕೆ ನೌಕಾಪಡೆಯಿಂದ ಶಿಸ್ತಿನ, ಕಾದಾಟದ ದೃಷ್ಟಾಂತಗಳನ್ನು ಆರಿಸಿಕೊಳ್ಳುವುದು ರೂಢಿ. ಮಾಲ್ವಣ್‌ನ ಶೋಧ ಬೇರೆಯದನ್ನು ಕಲಿಸುತ್ತದೆ. ಬದುಕಿ ಸಿಗುವರೆಂಬ ಭರವಸೆ ಕ್ಷೀಣಿಸಿದ ಮೇಲೂ, ನಾಲ್ಕು ತಿಂಗಳು ಕಳೆದ ಮೇಲೂ ಕಡಲ ತಳದಲ್ಲಿ ಹುಡುಕಾಟ ನಡೆಯಿತು. ಕಳೆದುಹೋದವರು ಯಾವ ಸಭೆಯವರೆಂದು ಕೇಳಿ ಇಂಥ ಹುಡುಕಾಟ ಹೊರಡುವುದಿಲ್ಲ. ನಿರೀಕ್ಷಿಸುವುದೆಂದರೆ ಕಾಯುವುದು ಮಾತ್ರವಲ್ಲ, ಕಣ್ಣಿಟ್ಟು ನೋಡುವುದು ಕೂಡ. ಗಾಳಿ ಅಡಗದೆ ಹೋದವರ ಮನೆಗೆ ಸಭಾಪಾಲಕನು ಒಯ್ಯಬೇಕಾದದ್ದು ಈ ನಿರೀಕ್ಷೆಯನ್ನು. ಅದಕ್ಕಾಗಿ ಅವನು ಮೊದಲು ಪ್ರಯಾಣಿಕನ ಆಸನದಿಂದ ಏಳಬೇಕು.