ಮುಳುಗಿದ್ದು ಯಾರ ಮನೆ?

ಮುಳುಗಡೆಯ ಪದ್ಯಕ್ಕೆ ನಮ್ಮ ಕೃಷ್ಣೆಯ ದಂಡೆಯಲ್ಲಿ ಒಂದು ಅಚ್ಚು ತಯಾರಾಗಿದೆ. ಬಾಗಿಲ ತೋರಣ, ಪಡಸಾಲೆಯ ಕಂಬ, ಹಿತ್ತಲ ಬಾವಿ, ಗುಡಿಯ ಗಂಟೆ, ಅಜ್ಜ ನೆಟ್ಟ ಬೇವಿನ ಗಿಡ, ಎಲ್ಲ ಸಾಲು ಹಿಡಿದು ನೀರಿಗೆ ಇಳಿಯುತ್ತವೆ. ಕೊನೆಗೆ ಕವಿ ಅಳುತ್ತಾನೆ. ಅಳಲಿ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲೂಕಿನ ಮಂದಿ ಕಳಕೊಂಡದ್ದು ಸುಳ್ಳಲ್ಲ. ಆದರೆ ಒಂದು ಮಾತು ಕೇಳಲೇಬೇಕು. ಆ ಪಡಸಾಲೆಗೆ ಕಾಲಿಡಲು ಯಾರಿಗೆ ಅಪ್ಪಣೆ ಇತ್ತು? ಆ ಬಾವಿಯ ಹಗ್ಗ ಯಾರ ಕೈಗೆ ಸಿಗುತ್ತಿತ್ತು? ಗಂಟೆಯ ಸದ್ದು ಅಗಸಿಯ ಹೊರಗಿನ ಕೇರಿಗೂ ಕೇಳುತ್ತಿತ್ತು, ಖರೆ. ಬಾರಿಸಲು ಕೇರಿಯ ಕೈಯನ್ನು ಒಳಗೆ ಬಿಡುತ್ತಿರಲಿಲ್ಲ.

ಮನೆ ಅಂದರೆ ನಾಲ್ಕು ಗೋಡೆಯಲ್ಲ, ಒಂದು ಹೊಸ್ತಿಲು. ಒಳಗೆ ಯಾರು, ಹೊರಗೆ ಯಾರು ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ನಮ್ಮ ಸಾಹಿತ್ಯ ಮನೆಯ ಬಗ್ಗೆ ಬಹಳ ಬರೆದಿದೆ, ಹೊಸ್ತಿಲ ಬಗ್ಗೆ ಕಡಿಮೆ.

ನಾ. ಡಿಸೋಜ ಅವರ ‘ದ್ವೀಪ’ವನ್ನೇ ತೆಗೆದುಕೊಳ್ಳಿ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು ಅವರು. ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಚಿತ್ರ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಸರಕಾರದ ಕಾಗದ ಒಂದು ಕಡೆ, ಏರುವ ನೀರು ಇನ್ನೊಂದು ಕಡೆ, ನಡುವೆ ಒಂದು ಕುಟುಂಬ. ಕೃತಿ ಪ್ರಾಮಾಣಿಕವಾಗಿದೆ, ಅದರ ಸಿಟ್ಟೂ ಪ್ರಾಮಾಣಿಕವಾಗಿದೆ. ಆದರೆ ನಡುವೆ ನಿಂತದ್ದು ಹೊಸ್ತಿಲುಳ್ಳ ಮನೆ. ಕಳಕೊಳ್ಳಲಿಕ್ಕೆ ಅವರಿಗೆ ಏನೋ ಒಂದು ಇತ್ತು. ದೋಷ ಆ ಕೃತಿಯದಲ್ಲ. ಅದನ್ನೇ ಮಾದರಿ ಮಾಡಿಕೊಂಡು, ಮುಳುಗಡೆ ಅಂದರೆ ಇಷ್ಟೇ ಎಂದು ತಿಳಿದ ನಮ್ಮ ಬರಹಗಾರರದು.

ಇದರ ಪಕ್ಕ ದೇವನೂರ ಮಹಾದೇವರ ‘ಒಡಲಾಳ’ ಇಟ್ಟು ನೋಡಿ. ಸಾಕವ್ವನ ಮನೆಗೂ ಗೋಡೆ ಇದೆ, ಗೋಡೆಯ ಮೇಲೆ ಬರೆದ ನವಿಲೂ ಇದೆ. ಇಲ್ಲದ್ದು ಹೊಸ್ತಿಲು. ಶೇಂಗಾ ಹುಡುಕಿಕೊಂಡು ಪೊಲೀಸರು ಬಂದರೆ ತಡೆಯುವ ಬಾಗಿಲು ಆ ಮನೆಗಿಲ್ಲ. ದೊಡ್ಡವರ ಮನೆಗೆ ನೀರು ಒಮ್ಮೆ ನುಗ್ಗಿತು, ಸಾಕವ್ವನ ಮನೆಗೆ ಅಧಿಕಾರ ಯಾವಾಗ ಬೇಕಾದರೂ ನುಗ್ಗುತ್ತದೆ. ಇದು ಅಣೆಕಟ್ಟೆಗಿಂತ ಮೊದಲಿನ ಮುಳುಗಡೆ.

ಇದೇ ಹೊಸ್ತಿಲು ಅಮೆರಿಕದಲ್ಲೂ ಇದೆ. ಲೊರೇನ್ ಹ್ಯಾನ್ಸ್‌ಬೆರಿ ಎಂಬ ಕರಿಯ ಹೆಣ್ಣುಮಗಳು ಬರೆದ ‘ಎ ರೈಸಿನ್ ಇನ್ ದ ಸನ್’ ನಾಟಕ 1959ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ಬಂತು. ಶಿಕಾಗೋದ ಒಂದು ಕರಿಯ ಕುಟುಂಬ. ಅಪ್ಪ ಸತ್ತು ಬಂದ ವಿಮೆಯ ಹಣದಲ್ಲಿ ತಾಯಿ ಬಿಳಿಯರ ಬಡಾವಣೆಯಲ್ಲಿ ಒಂದು ಮನೆ ಹಿಡಿಯುತ್ತಾಳೆ. ಆಗ ಒಬ್ಬ ಬಿಳಿಯ ಬರುತ್ತಾನೆ. ಕೈಯಲ್ಲಿ ಬಡಿಗೆ ಇಲ್ಲ, ಬಾಯಲ್ಲಿ ಬೈಗುಳ ಇಲ್ಲ. ಬಹಳ ಮರ್ಯಾದೆಯಿಂದ, ನೀವು ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತೇವೆ, ನಮ್ಮಲ್ಲಿಗೆ ಬರಬೇಡಿ ಅನ್ನುತ್ತಾನೆ. ಇದು ಬರೀ ಕಲ್ಪನೆಯಲ್ಲ. ಲೇಖಕಿಯ ತಂದೆಯೇ ಬಿಳಿಯರ ಓಣಿಯಲ್ಲಿ ಮನೆ ಕೊಂಡು ನ್ಯಾಯಾಲಯ ಹತ್ತಿದವರು. ಅವರ ದಾವೆ 1940ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 1930ರ ದಶಕದಲ್ಲಿ ಅಲ್ಲಿಯ ಸರಕಾರಿ ಸಂಸ್ಥೆಯೇ ನಗರಗಳ ನಕ್ಷೆ ಬರೆಸಿ, ಕರಿಯರ ಓಣಿಗಳಿಗೆ ಕೆಂಪು ಬಳಿದು, ಇಲ್ಲಿ ಸಾಲ ಕೊಡುವುದು ಅಪಾಯ ಎಂದು ಗುರುತು ಹಾಕಿತು. ಮನೆ ಮಾರುವಲ್ಲಿ, ಬಾಡಿಗೆ ಕೊಡುವಲ್ಲಿ ವರ್ಣಭೇದ ಕೂಡದೆಂಬ ಕಾಯ್ದೆ ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ.

ಕಾಯ್ದೆ ಬಂತು, ಬೆಲೆ ಏರಿತು. ಜಾತಿಯ ಗೋಡೆಯ ಜೊತೆಗೆ ರೊಕ್ಕದ ಗೋಡೆ ಎದ್ದಿತು. 2024ರ ಜನವರಿಯ ಒಂದು ರಾತ್ರಿ ಎಣಿಸಿದಾಗ ಆ ಶ್ರೀಮಂತ ದೇಶದಲ್ಲಿ ಮನೆಯಿಲ್ಲದವರು 7,70,000ಕ್ಕೂ ಹೆಚ್ಚು. 2025ರ ನವೆಂಬರಿನಲ್ಲಿ ಜೊಹ್ರಾನ್ ಮಮ್ದಾನಿ ನ್ಯೂಯಾರ್ಕಿನ ಮೇಯರ್ ಚುನಾವಣೆ ಗೆದ್ದದ್ದು ಬಾಡಿಗೆ ಏರಿಸಬಾರದೆಂಬ ಮಾತನ್ನು ಮುಂದಿಟ್ಟು.

ಅದೇ ನ್ಯೂಯಾರ್ಕಿನಲ್ಲಿ 1913ರಿಂದ 1916ರ ತನಕ ಓದಿದವರು ಬಾಬಾಸಾಹೇಬರು. ಪರದೇಶದಲ್ಲಿ ತಲೆಗೆ ಸೂರು ಸಿಕ್ಕಿತು. 1917ರಲ್ಲಿ ಬರೋಡೆಗೆ ಬಂದರೆ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಇಟ್ಟುಕೊಂಡು ಪಾರ್ಸಿಗಳ ತಂಗುಮನೆಯಲ್ಲಿ ಉಳಿದವರನ್ನು ಬಡಿಗೆ ಹಿಡಿದವರು ಬಂದು ಹೊರಗೆ ಹಾಕಿದರು. ಅಲ್ಲಿ ನಕ್ಷೆಗೆ ಕೆಂಪು ಬಣ್ಣ ಬೇಕಾಯಿತು. ಇಲ್ಲಿ ಬಣ್ಣದ ಖರ್ಚೂ ಇಲ್ಲ. ಜಮಖಂಡಿಯಲ್ಲೋ ಮುಧೋಳದಲ್ಲೋ ಬಾಡಿಗೆ ಮನೆ ಕೇಳಲು ಹೋದ ಹುಡುಗನಿಗೆ ‘ನೀವು ಯಾರ ಪೈಕಿ?’ ಎಂಬ ಒಂದು ಮಾತು ಸಾಕು. ಉತ್ತರ ಕೇಳಿದ ಮೇಲೆ ಮನೆ ‘ನಿನ್ನೇನ ಕೊಟ್ಟಬಿಟ್ಟೇವ್ರಿ’ ಆಗಿಬಿಡುತ್ತದೆ. ಹ್ಯಾನ್ಸ್‌ಬೆರಿಯ ಬಿಳಿಯ ಬರಬೇಡಿ ಅನ್ನಲಿಕ್ಕೆ ರೊಕ್ಕವನ್ನಾದರೂ ಎತ್ತಿಕೊಂಡು ಬಂದ. ನಮ್ಮವರದು ಪುಕ್ಕಟೆ.

ಈಗ ಪರಿಹಾರದ ಮಾತು. ಆಲಮಟ್ಟಿಯ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗುವ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ರೈತನಿಗೆ ಬೆಲೆ ಸಿಗಲಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಈ ಲೆಕ್ಕ ಎಕರೆಯಿಂದ ಶುರುವಾಗುತ್ತದೆ. ಎಕರೆ ಇಲ್ಲದವನು ಎಲ್ಲಿಂದ ಶುರು ಮಾಡಬೇಕು? ಹೊಲ ಮುಳುಗಿದರೆ ಒಡೆಯನಿಗೆ ಭೂಮಿ ಹೋಗುತ್ತದೆ, ಆಳಿಗೆ ಕೂಲಿ ಹೋಗುತ್ತದೆ. 1894ರ ಭೂಸ್ವಾಧೀನ ಕಾಯ್ದೆ ಹೋದ ಕೂಲಿಗೆ ಬೆಲೆ ಕಟ್ಟಲಿಲ್ಲ. 2013ರ ಕಾಯ್ದೆ ಕೂಲಿಕಾರರನ್ನೂ ಬಾಧಿತ ಕುಟುಂಬ ಎಂದು ಕರೆಯಿತು, ಮೂರು ವರ್ಷ ಅಲ್ಲೇ ದುಡಿದಿರಬೇಕೆಂಬ ಷರತ್ತಿನ ಮೇಲೆ. ದುಡಿದದ್ದಕ್ಕೆ ಬೆವರು ಸಾಕ್ಷಿ. ಕಚೇರಿ ಬೆವರನ್ನು ನೋಡುವುದಿಲ್ಲ, ಉತಾರ ತಾ ಅನ್ನುತ್ತದೆ.

ಸಿಟ್ಟಿನಲ್ಲೂ ಇದೇ ಭೇದ. 2025ರ ನವೆಂಬರಿನಲ್ಲಿ ಕಬ್ಬಿನ ಬೆಲೆಗಾಗಿ ಮುಧೋಳದ ಕಡೆ ಹೋರಾಟ ಎದ್ದಿತು. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಲಿಗಳು ಸುಟ್ಟವು. ಬೆಂಗಳೂರಿನ ತನಕ ಸುದ್ದಿ ಹೋಯಿತು, ಮಂತ್ರಿಗಳು ಓಡಾಡಿದರು. ಟನ್ನಿಗೆ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು. ಆ ಕಬ್ಬು ಕಡಿಯುವ ಗ್ಯಾಂಗಿನವರು ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡು ಹಂಗಾಮು ಕಳೆಯುತ್ತಾರೆ, ಅದು ಯಾವ ಬೇಡಿಕೆ ಪಟ್ಟಿಯಲ್ಲಿ ಎಷ್ಟನೆಯದು? ರಬಕವಿ-ಬನಹಟ್ಟಿಯಲ್ಲಿ ಕೂಲಿ ನೇಕಾರನ ಸ್ಥಿತಿ ಬೇರೆಯಲ್ಲ. ಮಗ್ಗ ಮಾಲೀಕನದು, ಗೋಡೆ ಮತ್ತೊಬ್ಬನದು, ಕೈ ಮಾತ್ರ ತನ್ನದು. ಮಗ್ಗ ನಿಂತ ವಾರವೂ ಬಾಡಿಗೆ ನಿಲ್ಲುವುದಿಲ್ಲ.

ಗೆಳೆಯರೇ, ನಮ್ಮ ಪದ್ಯಗಳ ಮೇಲೂ ಈ ಮಾತು ಬರುತ್ತದೆ. ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆಂದು ತೋರಿಸಿಕೊಟ್ಟರು. ಮುಳುಗಡೆಯ ಕವಿಗಳು ಊರು ಉಳಿಸಿಕೊಂಡು ಕೇರಿ ಬಿಟ್ಟರು. ನಾವೋ, ಗುಡಿಸಲು ಎಂಬ ಶಬ್ದವನ್ನು ಘೋಷಣೆಯಲ್ಲಿ ಕೂಗಿ ಕೂಗಿ ಸವೆಸಿದೆವು, ಅದರ ಒಳಗೆ ಹೋಗಿ ಕೂಡಲಿಲ್ಲ. ಅಲ್ಲಿ ಬಾಡಿಗೆ ಎಷ್ಟು, ಜಾಗ ಯಾರ ಹೆಸರಿನಲ್ಲಿದೆ, ಮಳೆ ಬಂದರೆ ಹಿಟ್ಟಿನ ಡಬ್ಬಿ ಎಲ್ಲಿಡುತ್ತಾರೆ, ಹೊಸ ಪುನರ್ವಸತಿ ಕೇಂದ್ರದ ನಕ್ಷೆಯಲ್ಲಿ ಕೇರಿಯವರ ನಿವೇಶನ ಯಾವ ಮೂಲೆಗೆ ಬಿತ್ತು, ಇವೆಲ್ಲ ಸಾಹಿತ್ಯದ ಮಾತೇ. ಹ್ಯಾನ್ಸ್‌ಬೆರಿಯ ನಾಟಕದ ಜೀವ ಇರುವುದೂ ಮನೆಗೆ ಕಟ್ಟಿದ ಮುಂಗಡ ಎಷ್ಟು, ಉಳಿದದ್ದು ಎಷ್ಟು ಎಂಬ ಲೆಕ್ಕದಲ್ಲಿಯೇ.

ಮುಂದೆ ನೀರು ಇನ್ನೂ ಏರುತ್ತದೆ, ಮುಳುಗಡೆಯ ಪದ್ಯಗಳೂ ಇನ್ನಷ್ಟು ಬರುತ್ತವೆ. ಬರೆಯುವವರು ತೋರಣ ಕಟ್ಟಿದ ಬಾಗಿಲನ್ನು ಬರೆಯಲಿ. ಆ ಬಾಗಿಲ ಹೊರಗೆ, ನೀರು ಬರುವ ಮೊದಲೇ ಬಯಲಲ್ಲಿ ನಿಂತಿದ್ದವರು ಯಾರು ಎಂಬುದನ್ನೂ ಹೆಸರಿಡಿದು ಬರೆಯಲಿ.